ಕೊನೆಯ ಇನಿಂಗ್ಸಿಗೆ ಬರುವವನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಹತ್ತು ನಿಮಿಷ ಮಾತಾಡಪ್ಪ. ನೀನು ಎಂಜಿನಿಯರ್ ಆದ ಕಥೆ ಹೇಳು, ಮಕ್ಕಳಿಗೆ ಸ್ಫೂರ್ತಿಯಾಗುತ್ತೆ" ಎಂದಿದ್ದರು. ಬರೆದುಕೊಂಡೂ ಬಂದಿದ್ದೆ. ನಿನ್ನೆ ಸಂಜೆ, ಹತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನನ್ನು ಕರೆಯಲು ಅವನ ಮನೆಗೆ ಹೋದೆ. ಅವನು ಗಣಿತದಲ್ಲಿ ಫೇಲಾಗಿದ್ದ, ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. "ಅದು ಪಾಸಾದವರ ಹಬ್ಬ ಕಣೋ, ನಾನ್ಯಾಕೆ ಬರಲಿ?" ಎಂದ. ರಾತ್ರಿ ನಿದ್ದೆ ಹತ್ತಲಿಲ್ಲ. ಹಾಗಾಗಿ ನನ್ನ ಕಥೆ ಇವತ್ತು ಬೇಡ. ಬೇರೆಯವರೊಬ್ಬರ ಕಥೆ ಹೇಳುತ್ತೇನೆ.

ಅವರ ಹೆಸರು ಮಾರಿಯಾನೊ ರಿವೆರಾ, ಬೇಸ್‌ಬಾಲ್ ಆಟಗಾರ. 2013ರಲ್ಲಿ ಕಂಪನಿ ಕೆಲಸಕ್ಕೆಂದು ಕೆಲವು ತಿಂಗಳು ಅಮೆರಿಕದಲ್ಲಿದ್ದಾಗ ಅವರ ಕೊನೆಯ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದೆ.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ ಇದ್ದಂತೆ. ಅಲ್ಲಿ ಬೌಲರ್‌ಗೆ ಪಿಚರ್ ಎನ್ನುತ್ತಾರೆ. ಚೆಂಡು ನೆಲಕ್ಕೆ ಪುಟಿಯುವುದಿಲ್ಲ, ನೇರವಾಗಿ ಬರುತ್ತದೆ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಮೊದಲು ಎಸೆಯುವವನು ದಣಿದಾಗ ಅವನ ಜಾಗಕ್ಕೆ ಬರುವವನೇ ರಿಲೀಫ್ ಪಿಚರ್. ಅವರಲ್ಲೂ ತಂಡ ಸ್ವಲ್ಪವೇ ಮುಂದಿರುವಾಗ ಕೊನೆಯ ಇನಿಂಗ್ಸಿಗೆ ಬಂದು ಗೆಲುವನ್ನು ದಡ ಸೇರಿಸುವವನು ಕ್ಲೋಸರ್. ಹಾಗೆ ಉಳಿಸಿಕೊಟ್ಟ ಗೆಲುವನ್ನು 'ಸೇವ್' ಎಂದು ಲೆಕ್ಕ ಹಾಕುತ್ತಾರೆ. ಇದು ಕಷ್ಟದ ಕೆಲಸ. ಉಳಿದವರು ಎರಡೂವರೆ ಗಂಟೆ ಬೆವರು ಸುರಿಸಿ ಕಟ್ಟಿದ್ದನ್ನು ಇವನು ಐದು ನಿಮಿಷದಲ್ಲಿ ಕೆಡವಿಬಿಡಬಹುದು. ಗೆದ್ದರೆ ಎಲ್ಲರ ಗೆಲುವು, ಸೋತರೆ ಬೆರಳು ಇವನೊಬ್ಬನ ಕಡೆಗೆ.

ರಿವೆರಾ ಪನಾಮ ದೇಶದ ಪೋರ್ಟೊ ಕೈಮಿಟೊ ಎಂಬ ಮೀನುಗಾರರ ಊರಿನವರು. ತಂದೆ ಮೀನು ಹಿಡಿಯುವ ದೋಣಿ ನಡೆಸುತ್ತಿದ್ದರು, ಮಗನೂ ಅದರಲ್ಲಿ ದುಡಿದ. ಹಾಲಿನ ರಟ್ಟಿನ ಡಬ್ಬವೇ ಗ್ಲೌಸ್, ಮರದ ಕೊಂಬೆಯೇ ಬ್ಯಾಟು. ಇಪ್ಪತ್ತನೇ ವಯಸ್ಸಿನಲ್ಲಿ, 1990ರಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡ ಸೇರಿದಾಗ ಇಂಗ್ಲಿಷ್ ಬರುತ್ತಿರಲಿಲ್ಲ. 1995ರಲ್ಲಿ ದೊಡ್ಡ ಲೀಗಿನ ಮೊದಲ ಪಂದ್ಯದಲ್ಲೇ ಚೆನ್ನಾಗಿ ಹೊಡೆಸಿಕೊಂಡರು. ಕೆಲವೇ ವಾರಗಳಲ್ಲಿ ಕೆಳಗಿನ ಲೀಗಿಗೆ ವಾಪಸು ಕಳಿಸಿದರು.

1997ರಲ್ಲಿ ಅವರು ಕ್ಲೋಸರ್ ಆದರು. ಆ ಬೇಸಿಗೆಯಲ್ಲಿ ಅಭ್ಯಾಸ ಮಾಡುವಾಗ ಅವರ ಚೆಂಡು ತಾನಾಗಿಯೇ ಕೊನೆಯಲ್ಲಿ ಪಕ್ಕಕ್ಕೆ ಸರಿಯತೊಡಗಿತು. ನಮ್ಮ ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್ ನೆನಪಿಸಿಕೊಳ್ಳಿ. ಇದು ಅದೇ ದಿಕ್ಕಿಗೆ, ಆದರೆ ಗಾಳಿಯಲ್ಲೇ ಸರಿಯುತ್ತಿತ್ತು. ನೇರ ಮಾಡಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಕೊನೆಗೆ ಅದನ್ನೇ ಅಸ್ತ್ರ ಮಾಡಿಕೊಂಡರು. ಮುಂದೆ ಹೆಚ್ಚುಕಡಿಮೆ ಆ ಒಂದೇ ಎಸೆತದಿಂದ ಆಡಿದರು. ಹೀಗೇ ಬರುತ್ತದೆ ಎಂದು ಗೊತ್ತಿದ್ದರೂ ಬ್ಯಾಟುಗಳು ಮುರಿಯುತ್ತಿದ್ದವು.

ಆದರೆ ನಾನು ಹೇಳಲು ಬಂದದ್ದು ಅವರ ಸೋಲುಗಳ ಬಗ್ಗೆ.

2001ರ ನವೆಂಬರ್ 4. ವರ್ಲ್ಡ್ ಸೀರೀಸ್‌ನ ಏಳನೆಯ, ಅಂದರೆ ನಿರ್ಣಾಯಕ ಪಂದ್ಯ. ಕೊನೆಯ ಇನಿಂಗ್ಸ್, ಯಾಂಕೀಸ್ 2-1ರಿಂದ ಮುಂದೆ, ಚೆಂಡು ರಿವೆರಾ ಕೈಯಲ್ಲಿ. ಗೆದ್ದಂತೆಯೇ ಎಂದು ಎಲ್ಲರೂ ಅಂದುಕೊಂಡರು. ಅವರೇ ಒಂದು ತಪ್ಪು ಎಸೆತ ಎಸೆದರು, ಎದುರಾಳಿ ಅರಿಜೋನಾ ತಂಡ 3-2ರಿಂದ ಗೆದ್ದಿತು.

ಗೆದ್ದಿದ್ದರೆ ನ್ಯೂಯಾರ್ಕಿನಲ್ಲಿ ವಿಜಯದ ಮೆರವಣಿಗೆ ಇರುತ್ತಿತ್ತು. ಅದಕ್ಕಾಗಿ ಅಲ್ಲೇ ಉಳಿದು, ಆಮೇಲೆ ತಮ್ಮ ಊರಿಗೆ ಹೊರಡಲು ಎನ್ರಿಕೆ ವಿಲ್ಸನ್ ಎಂಬ ಜೊತೆ ಆಟಗಾರ ಟಿಕೆಟ್ ತೆಗೆಸಿದ್ದರು. ಸೋತದ್ದರಿಂದ ಬೇಗ ಹೊರಟುಬಿಟ್ಟರು. ಅವರು ಹೋಗಬೇಕಿದ್ದ ವಿಮಾನ ನವೆಂಬರ್ 12ರಂದು ನ್ಯೂಯಾರ್ಕಿನಲ್ಲೇ ಬಿದ್ದು, ಅದರಲ್ಲಿದ್ದ 260 ಮಂದಿಯೂ ತೀರಿಕೊಂಡರು. ಸೋತದ್ದೇ ಒಳ್ಳೆಯದಾಯಿತು, ಗೆಳೆಯ ಉಳಿದ ಎಂದು ರಿವೆರಾ ಆಮೇಲೆ ಹೇಳಿದರು. ಎಲ್ಲ ಸೋಲಿನ ಹಿಂದೆಯೂ ಇಂಥದ್ದೊಂದು ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಇಡೀ ದೇಶ ನೋಡುತ್ತಿರುವಾಗ ಸೋತರೂ ಬದುಕು ಅದಕ್ಕಿಂತ ದೊಡ್ಡದು, ಅಷ್ಟೇ.

2004ರಲ್ಲಿ ಬೋಸ್ಟನ್ ಎದುರು ಮತ್ತೆ ಹಾಗೇ ಆಯಿತು. ಸರಣಿಯಲ್ಲಿ 3-0 ಮುಂದಿದ್ದ ಯಾಂಕೀಸ್ ನಾಲ್ಕನೇ ಪಂದ್ಯವನ್ನೂ ಗೆಲ್ಲುವುದರಲ್ಲಿತ್ತು. ರಿವೆರಾ ಮುನ್ನಡೆ ಉಳಿಸಿಕೊಳ್ಳಲಿಲ್ಲ, ಬೋಸ್ಟನ್ ಸಾಲಾಗಿ ನಾಲ್ಕು ಪಂದ್ಯ ಗೆದ್ದಿತು. ಮರುವರ್ಷ ಅದೇ ಬೋಸ್ಟನ್ ಮೈದಾನದಲ್ಲಿ ಇವರ ಹೆಸರು ಕೂಗಿದಾಗ ಅಲ್ಲಿನ ಜನ ಎದ್ದು ಜೋರಾಗಿ ಚಪ್ಪಾಳೆ ಹೊಡೆದರು. ಗೌರವಕ್ಕಲ್ಲ, ಗೇಲಿ ಮಾಡಲು. ರಿವೆರಾ ಮುಖ ಮುಚ್ಚಿಕೊಳ್ಳಲಿಲ್ಲ. ನಕ್ಕು, ಟೋಪಿ ತೆಗೆದು ವಂದಿಸಿದರು. ಮಕ್ಕಳೇ, ಊರ ಜನ ನಕ್ಕಾಗ ಏನು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

2012ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಗ ಅವರಿಗೆ 42 ವರ್ಷ. ಅಲ್ಲಿಗೆ ಮುಗಿಯಿತು ಎಂದರು ಜನ. ಮರುವರ್ಷ ಬಂದು 44 ಸೇವ್ ಮಾಡಿದರು. ನಾನು ನೋಡಿದ ಆ ಪಂದ್ಯ 2013ರ ಸೆಪ್ಟೆಂಬರ್ 26ರದು. ಯಾಂಕೀಸ್ ಅವತ್ತು ಸೋಲುತ್ತಿತ್ತು, ಉಳಿಸಲು ಗೆಲುವೇ ಇರಲಿಲ್ಲ. ಅವರನ್ನು ಮೈದಾನದಿಂದ ಕರೆದೊಯ್ಯಲು ಕೋಚ್ ಬರಲಿಲ್ಲ. ಹಳೆಯ ಜೊತೆಗಾರರಾದ ಜೀಟರ್, ಪೆಟಿಟ್ ಇಬ್ಬರೂ ಬಂದರು. ರಿವೆರಾ ಗೆಳೆಯನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ನನ್ನ ಕಣ್ಣೂ ತುಂಬಿ ಬಂತು.

ಅವರ ಒಟ್ಟು ಸೇವ್ 652, ಅದು ದಾಖಲೆ. 2019ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಮತ ಹಾಕಿದ 425 ಮಂದಿಯೂ ಅವರನ್ನೇ ಒಪ್ಪಿದರು. ಹಾಗೆ ಸರ್ವಾನುಮತ ಪಡೆದವರಲ್ಲಿ ಅವರೇ ಮೊದಲಿಗರು. ಈಗ ಇನ್ನೊಂದು ಅಂಕಿ ಕೇಳಿ. ಲೀಗ್ ಪಂದ್ಯಗಳಲ್ಲೇ 80 ಸಲ ಅವರು ಕೈಗೆ ಬಂದ ಮುನ್ನಡೆಯನ್ನು ಕಳೆದಿದ್ದಾರೆ. ಎಂಬತ್ತು ಸಲ ಫೇಲಾದವರೇ ಎಲ್ಲರಿಗಿಂತ ದೊಡ್ಡವರು. ಎಂಬತ್ತು ಸಲವೂ ಮತ್ತೆ ಮೈದಾನಕ್ಕೆ ಬಂದರು, ತಂಡವೂ ಮತ್ತೆ ಅವರ ಕೈಗೇ ಚೆಂಡು ಕೊಟ್ಟಿತು.

ಈ ಕೊನೆಯ ಮಾತು ಮಕ್ಕಳಿಗಲ್ಲ, ದೊಡ್ಡವರಿಗೆ. ನನ್ನ ಗೆಳೆಯನ ಕೈಗೆ ನಾವು ಮತ್ತೆ ಚೆಂಡು ಕೊಡಲಿಲ್ಲ. ಫೇಲಾದ ದಿನ ಅವನ ಮನೆಗೆ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರ ಫಲಿತಾಂಶ ಬಂದ ದಿನ ಫೇಲಾದ ಪ್ರತಿ ಮಗುವಿನ ಮನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಹೋಗೋಣ. ಎರಡನೆಯದರವರೆಗಿನ ಭಾನುವಾರಗಳಲ್ಲಿ ಗಣಿತ ಹೇಳಿಕೊಡಲು ನಾನು ಬರುತ್ತೇನೆ. ಬರಲಾಗದ ದಿನ ವಿಡಿಯೊ ಕಾಲ್‌ನಲ್ಲಿ ಸಿಗುತ್ತೇನೆ. ಮುಖ್ಯೋಪಾಧ್ಯಾಯರು ಒಂದು ಕೊಠಡಿಯ ಬೀಗದ ಕೈ ಕೊಟ್ಟರೆ ಸಾಕು.

ಇವತ್ತು ಊಟವಾದ ಮೇಲೆ ನಾನು ಮತ್ತೆ ಆ ಗೆಳೆಯನ ಮನೆಗೆ ಹೋಗುತ್ತೇನೆ. ಜೊತೆಗೆ ಬರುವವರು ಬನ್ನಿ.