ಪದವಿಯಲ್ಲಿದ್ದವರ ಅಲ್ಪತೃಪ್ತಿ



ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಿರುಗಿಸಿದ ಕಥೆಯು ತಮಗೆಲ್ಲ ವಿದಿತವೇ. ಬಡವರಿಗದು ಸುಲಭವೆಂಬವರುಂಟು, ಹಾಗೆನ್ನುವವರು ಹಸಿದವರಲ್ಲ! ಇರಲಿ. ಊರೆಲ್ಲ ನೋಡುತ್ತಿರುವಾಗ ಸಾಕೆನ್ನುವುದು ಬೇರೆಯೇ ಮಾತು.

ಉಡುಪಿ ಜಿಲ್ಲೆಯ ಹೆಬ್ರಿಯ ಎಚ್. ಗೋಪಾಲ ಭಂಡಾರಿಯವರು 1999ರಲ್ಲಿಯೂ 2008ರಲ್ಲಿಯೂ ಕಾರ್ಕಳದಿಂದ ವಿಧಾನಸಭೆಗೆ ಆರಿಸಲ್ಪಟ್ಟವರು. ನೋಡುವ ಕಣ್ಣುಗಳಿಗೆ ತಕ್ಕಂತೆ ವಾಹನ, ಪರಿವಾರ, ಆಡಂಬರಗಳು ಬೇಕೆನಿಸುವುದು ಅಂತಹ ಪದವಿಗೆ ಅಂಟಿದ ರೋಗವು. ಭಂಡಾರಿಯವರಾದರೋ ಸರಳತೆಗೇ ಹೆಸರಾದರು. ಬಸ್ಸಿನ ಪ್ರಯಾಣವನ್ನು ಹೀನವೆಂದೆಣಿಸಲಿಲ್ಲ. 2019ರ ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಹೊರಟಾಗಲೂ ಅವರು ಏರಿದ್ದು ಸರಕಾರಿ ಬಸ್ಸನ್ನೇ. ದಾರಿಯಲ್ಲಿಯೇ ಕಾಲವು ಕರೆಯಿತು. ಬಸ್ಸು ಮಂಗಳೂರನ್ನು ಮುಟ್ಟಿದಾಗ ಮಿಕ್ಕವರು ಇಳಿದರು, ಅವರು ಏಳಲಿಲ್ಲ.