ರೆಪ್ಪೆಯ ನೆರಿಗೆ

ಅಕ್ಕರೆಯಿಂದ ಸಾಕಿ ಸಲಹಿದವರನ್ನು ಕುರಿತು 'ಕಣ್ಣಿಗೆ ರೆಪ್ಪೆಯಂತೆ ಕಾದರು' ಎನ್ನುವುದು ನಮ್ಮ ವಾಡಿಕೆ. ಕಣ್ಣಿನ ವೈದ್ಯನಾದ ನನಗೆ ಇದು ಉಪಮೆಯಾಗಿ ಕೇಳಿಸುವುದೇ ಇಲ್ಲ. ರೆಪ್ಪೆಯ ಉದ್ಯೋಗವನ್ನು ಇದ್ದಂತೆ ಹೇಳಿದ ಮಾತು ಇದು. ರೆಪ್ಪೆ ಇರುವುದು ಮುಚ್ಚುವುದಕ್ಕೆ. ಪೂರ್ವ ಏಷ್ಯದಲ್ಲಿ, ಮುಖ್ಯವಾಗಿ ಕೊರಿಯ ಜಪಾನುಗಳಲ್ಲಿ, ಅದನ್ನು ಚೆಲುವಿಗಾಗಿ ಕತ್ತರಿಸಿ ಹೊಲಿಯುವುದು ದಿನನಿತ್ಯದ ವ್ಯವಹಾರವಾಗಿದೆ. ಹೊಲಿದದ್ದು ಕೆಟ್ಟಾಗ ಅದನ್ನು ಬಿಚ್ಚಿ ಸರಿಪಡಿಸುವ ಕೆಲಸವನ್ನು ಕುರಿತು ಕೇಳುಗರ ಮುಂದೆ ನಾಲ್ಕು ಮಾತು ಇಡಬೇಕೆಂದಿದ್ದೇನೆ.

ಇದನ್ನು ಜೋಡಿ ರೆಪ್ಪೆಯ ಶಸ್ತ್ರಕ್ರಿಯೆ ಎನ್ನುತ್ತಾರೆ. ಹೆಸರು ಹಾಗಿದ್ದರೂ ರೆಪ್ಪೆಯೇನೂ ಎರಡಾಗುವುದಿಲ್ಲ. ಕಣ್ಣು ತೆರೆದಾಗ ಮೇಲ್ರೆಪ್ಪೆಯ ಚರ್ಮ ಸೀರೆಯ ನೆರಿಗೆಯಂತೆ ಒಂದು ಗೆರೆಯಲ್ಲಿ ಒಳಕ್ಕೆ ಮಡಿಯುತ್ತದೆ, ಅಷ್ಟೆ. ರೆಪ್ಪೆಯನ್ನು ಮೇಲಕ್ಕೆತ್ತುವ ಸ್ನಾಯುವಿನ ಎಳೆಗಳು ಚರ್ಮಕ್ಕೆ ಹತ್ತಿಕೊಂಡಿರುವುದರಿಂದ ಈ ನೆರಿಗೆ ಮೂಡುತ್ತದೆ. ನಮ್ಮಲ್ಲಿ ಬಹುಪಾಲು ಜನಕ್ಕೆ ಅದು ಹುಟ್ಟಿನಿಂದಲೇ ಬಂದದ್ದು. ಇದೆಯೆಂಬ ಅರಿವೂ ನಮಗಿರುವುದಿಲ್ಲ. ಪೂರ್ವ ಏಷ್ಯದ ಅನೇಕರಲ್ಲಿ ಆ ಎಳೆಗಳು ಚರ್ಮದವರೆಗೆ ಬರುವುದಿಲ್ಲ. ಒಳಗಿನ ಕೊಬ್ಬು ತುಸು ಕೆಳಗಿಳಿದು, ರೆಪ್ಪೆ ಗೆರೆಯಿಲ್ಲದೆ ನುಣುಪಾಗಿರುತ್ತದೆ. ಇದು ರೋಗವಲ್ಲ, ಊನವೂ ಅಲ್ಲ.

ಪಾಶ್ಚಾತ್ಯರ ಅನುಕರಣೆಯೆಂದು ಇಡೀ ವಿಷಯವನ್ನು ತಳ್ಳಿಹಾಕುವವರಿದ್ದಾರೆ. ನನಗೆ ಅದು ಅವಸರದ ತೀರ್ಮಾನವೆನಿಸುತ್ತದೆ. ಅಮೆರಿಕದ ಶಸ್ತ್ರವೈದ್ಯ ಮಿಲಾರ್ಡ್ ಕೊರಿಯದಲ್ಲಿ ಮಾಡಿದ ಇಂಥ ಕೆಲಸವನ್ನು 1955ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಅದಕ್ಕೂ ಸುಮಾರು ಅರವತ್ತು ವರ್ಷ ಹಿಂದೆ, 1896ರಲ್ಲಿಯೇ, ಜಪಾನಿನ ಮಿಕಾಮೊ ಎಂಬ ವೈದ್ಯ ರೇಷ್ಮೆಯ ಹೊಲಿಗೆಯಿಂದ ನೆರಿಗೆ ಮೂಡಿಸುವ ಕ್ರಮವನ್ನು ಬರೆದಿಟ್ಟಿದ್ದ. ಒಂದು ಕಣ್ಣಿಗೆ ನೆರಿಗೆಯಿದ್ದು ಇನ್ನೊಂದಕ್ಕೆ ಇಲ್ಲದ ಹೆಂಗಸಿನ ಕಣ್ಣುಗಳನ್ನು ಸಮ ಮಾಡುವುದು ಅವನ ಉದ್ದೇಶವಾಗಿತ್ತು. ತಮ್ಮ ಜನರ ನಡುವೆಯೇ ಇರುವ ಎರಡು ಬಗೆಯ ಕಣ್ಣುಗಳಲ್ಲಿ ಒಂದನ್ನು ಮೇಲೆಂದು ಬಗೆಯುವ ರೂಢಿಯೂ ಇದರ ಹಿಂದಿದೆ. ಇಂದು ಕೊರಿಯದಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿದ ಮಕ್ಕಳಿಗೆ ತಂದೆತಾಯಿಗಳು ಇದನ್ನು ಉಡುಗೊರೆಯಾಗಿ ಕೊಡಿಸುವುದುಂಟು.

ಕೆಲಸ ಚಿಕ್ಕದು, ಆದ್ದರಿಂದಲೇ ಸುಲಭವೆಂಬ ಭ್ರಮೆ. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೆಳುವಾದದ್ದು, ಒಂದು ಮಿಲಿಮೀಟರಿಗೂ ಕಡಿಮೆ. ಗೆರೆಯನ್ನು ಎರಡು ಮೂರು ಮಿಲಿಮೀಟರ್ ಮೇಲಕ್ಕೆ ಕಟ್ಟಿದರೆ ಸಾಕು, ನೆರಿಗೆಯ ಕೆಳಗಿನ ಭಾಗ ಬಾವು ಬಂದಂತೆ ಉಬ್ಬಿ ನಿಲ್ಲುತ್ತದೆ. ಕೊಬ್ಬನ್ನು ಹೆಚ್ಚು ತೆಗೆದರೆ ರೆಪ್ಪೆ ಗುಳಿ ಬೀಳುತ್ತದೆ. ಚರ್ಮವನ್ನು ಹೆಚ್ಚು ಕತ್ತರಿಸಿದರಂತೂ ಕಣ್ಣು ಮುಚ್ಚುವುದೇ ಇಲ್ಲ. ಹುಬ್ಬಿನಿಂದ ಎವೆಯವರೆಗೆ ಸುಮಾರು 20 ಮಿಲಿಮೀಟರ್ ಚರ್ಮವಾದರೂ ಉಳಿದಿರಬೇಕೆಂಬುದು ನಮ್ಮ ಪಾಠಗಳಲ್ಲಿ ಮೊದಲನೆಯದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಿಯೋಲ್ ನಗರದಲ್ಲಿ ಕೆಲಕಾಲ ಕಲಿಯಲೆಂದು ಇದ್ದಾಗ, ಇಂಥ ದುರಸ್ತಿಯಲ್ಲಿಯೇ ತಲೆ ನರೆತ ವೈದ್ಯರೊಬ್ಬರ ಪಕ್ಕದಲ್ಲಿ ನಿಂತು ನೋಡುವ ಅವಕಾಶ ನನಗೆ ದೊರಕಿತ್ತು. ಒಮ್ಮೆ ಬಂದವಳು ಶಾಲೆಯ ಉಪಾಧ್ಯಾಯಿನಿ. ಶಸ್ತ್ರಕ್ರಿಯೆ ಬೇರೆಲ್ಲೋ ಆಗಿ ಎರಡು ತಿಂಗಳು ಕಳೆದಿತ್ತು. ರಾತ್ರಿ ರೆಪ್ಪೆ ಕೂಡುತ್ತಿರಲಿಲ್ಲ. ಬೆಳಗಾದರೆ ಕಣ್ಣು ಒಣಗಿ ಕೆಂಪಗಾಗಿರುತ್ತಿತ್ತು. ಕೈಚೀಲದಿಂದ ಹಳೆಯ ಭಾವಚಿತ್ರವೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ನನಗೆ ಚೆಲುವು ಬೇಡ, ಡಾಕ್ಟರೆ. ಈ ಕಣ್ಣುಗಳನ್ನು ಕೊಡಿ" ಎಂದಳು.

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇವನ್ನು ಕೊಡಲಾರೆ. ಮುಚ್ಚುವ ಕಣ್ಣನ್ನು ಕೊಡಲು ಪ್ರಯತ್ನಪಡುತ್ತೇನೆ. ಅದೂ ಈಗಲ್ಲ" ಎಂದರು. ಗಾಯದ ಕಲೆ ಹಸಿಯಾಗಿರುವಾಗ ಒಳಗಿನ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಡುಸಾಗಿರುತ್ತವೆ. ಆಗ ಕೈಹಾಕಿದರೆ ಇನ್ನಷ್ಟು ಕೆಡುತ್ತದೆ. ಕಲೆ ಮೃದುವಾಗಲು ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು. ಹಗಲು ಹಾಕಿಕೊಳ್ಳಲು ಹನಿಮದ್ದು, ರಾತ್ರಿಗೆ ಮುಲಾಮು ಬರೆದುಕೊಟ್ಟು ಕಳುಹಿಸಿದರು. ದಿನಾಲೂ ಮಕ್ಕಳ ಮುಂದೆ ಆ ಮುಖವನ್ನು ಹೊತ್ತು ನಿಲ್ಲಬೇಕಾದವಳಿಗೆ ಆರು ತಿಂಗಳು ಎಂಥದೆಂಬುದನ್ನು ಯಾವ ವೈದ್ಯಗ್ರಂಥವೂ ಬರೆದಿಲ್ಲ.

ಅವಧಿ ಕಳೆದು ಆಕೆ ಮರಳಿದಾಗ ನಾನಿನ್ನೂ ಅಲ್ಲಿಯೇ ಇದ್ದೆ. ರೆಪ್ಪೆಯನ್ನಷ್ಟೇ ಮರಗಟ್ಟಿಸಿ, ಹಳೆಯ ಕಲೆಯ ಮೇಲೆಯೇ ಗೆರೆ ಕೊಯ್ದು, ಅಂಟಿದ ಪದರಗಳನ್ನು ಕೂದಲೆಳೆಯಷ್ಟಾಗಿ ಬಿಡಿಸತೊಡಗಿದರು. ಬಿಡಿಸಿದ್ದು ಮತ್ತೆ ಅಂಟಬಾರದಲ್ಲ. ಒಳಗೆ ಉಳಿದಿದ್ದ ಕೊಬ್ಬನ್ನು ಕೆಳಕ್ಕೆ ತಂದು ನಡುವೆ ಮೆತ್ತೆಯಂತೆ ಹಾಸಿದರು. ಕೊಬ್ಬೇ ಉಳಿದಿರದಿದ್ದರೆ ಹೊಟ್ಟೆಯಿಂದಲೋ ತೊಡೆಯಿಂದಲೋ ತರಬೇಕಾಗುತ್ತದೆ. ಆಮೇಲೆ ನೆರಿಗೆಯನ್ನು ತಗ್ಗಿನಲ್ಲಿ ಕಟ್ಟಿದರು. ನಡುವೆ ಎರಡು ಸಲ ಆಕೆಯನ್ನು ಎಬ್ಬಿಸಿ ಕೂರಿಸಿ, "ಕಣ್ಣು ತೆರೆಯಿರಿ, ಮುಚ್ಚಿರಿ" ಎಂದರು. ಮಲಗಿದ ಕಣ್ಣು ಬೇರೆ, ಕುಳಿತ ಕಣ್ಣು ಬೇರೆ. ಎರಡನೆಯ ಸಲ ರೆಪ್ಪೆಗಳು ಕೂಡಿದವು. ಎಡಗಣ್ಣಿನಲ್ಲಿ ಮಾತ್ರ ದಾರದಷ್ಟು ಸಂದು ಉಳಿದಿತ್ತು. ಕತ್ತರಿಸಿ ಎಸೆದ ಚರ್ಮವನ್ನು ಎಲ್ಲಿಂದ ತರುವುದು? ಬೇರೆಡೆಯ ಚರ್ಮವನ್ನು ಕಸಿ ಮಾಡಬಹುದು, ಆದರೆ ತೇಪೆ ಕಾಣುತ್ತದೆ.

ಹೊಲಿಗೆ ಬಿಚ್ಚಿದ ದಿನ ಆಕೆ ಕನ್ನಡಿಯಲ್ಲಿ ನೋಡಿಕೊಂಡು, ಎಡಗಡೆಯದನ್ನು ಮುಂದೆ ಸರಿಪಡಿಸಬಹುದೇ ಎಂದು ಕೇಳಿದಳು. ವೈದ್ಯರು ಆಗದು ಎಂದರು. ಬೇರೆ ಯಾರಾದರೂ ಮಾಡುತ್ತೇನೆಂದರೆ ಅವರಲ್ಲಿಗೂ ಹೋಗಬೇಡಿ ಎಂದು ಸೇರಿಸಿ, ಆ ಭಾವಚಿತ್ರವನ್ನು ಕಡತದಿಂದ ತೆಗೆದು ಹಿಂದಕ್ಕೆ ಕೊಟ್ಟರು.