ಬಿಲ್ಲೆ ಮನೆಗೆ ಬಂತು, ಹೆಸರು ಎಲ್ಲಿ ಹೋಯಿತು?



ಬ್ರಿಟನ್ನಿನ ಹಲವು ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇಂದಿಗೂ ಒಂದು ಕೆಂಪು ದುಂಡು ಬಿಲ್ಲೆ ಸಿಗುತ್ತದೆ. ಅದರ ಮೇಲೆ ಒಂದು ಸಂಖ್ಯೆ, ಹೆಸರು, ರೆಜಿಮೆಂಟು, ಜೊತೆಗೆ ‘ಸಿ.ಇ.’ ಅಥವಾ ‘ಆರ್.ಸಿ.’ ಎಂಬ ಅಕ್ಷರಗಳು. ಮೊದಲ ಮಹಾಯುದ್ಧದ ಸೈನಿಕ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಗುರುತಿನ ಬಿಲ್ಲೆ ಇದು. ಕೊನೆಯ ಅಕ್ಷರಗಳು ಆತ ಇಂಗ್ಲೆಂಡ್ ಚರ್ಚಿನವನೋ, ರೋಮನ್ ಕ್ಯಾಥೊಲಿಕನೋ ಎಂದು ಹೇಳುತ್ತವೆ. ಸತ್ತರೆ ಯಾವ ವಿಧಿಯಂತೆ ಮಣ್ಣು ಮಾಡಬೇಕೆಂಬುದು ತಿಳಿಯಬೇಕಿತ್ತಲ್ಲ!

1907ರಲ್ಲಿ ಅಲ್ಯೂಮಿನಿಯಂ ಬಿಲ್ಲೆ ಬಂತು. 1914ರಲ್ಲಿ ಅದರ ಜಾಗಕ್ಕೆ ನಾರಿನಿಂದ ಮಾಡಿದ ಕೆಂಪು ಬಿಲ್ಲೆ ಬಂತು. ಆದರೆ ಒಬ್ಬನಿಗೆ ಒಂದೇ ಬಿಲ್ಲೆ. ಸೈನಿಕ ಸತ್ತಾಗ ವರದಿಗಾಗಿ ಅದನ್ನು ಬಿಚ್ಚಿಕೊಂಡರೆ ದೇಹದ ಬಳಿ ಗುರುತೇ ಉಳಿಯುತ್ತಿರಲಿಲ್ಲ. ಗೋರಿಯ ಮೇಲಿನ ಮರದ ಶಿಲುಬೆ ಶೆಲ್ ದಾಳಿಗೆ ಹಾರಿಹೋದರೆ ಅಲ್ಲಿ ಮಲಗಿದ್ದವನು ಅನಾಮಧೇಯ. ಮನೆಗೆ ಸಾವಿನ ಸುದ್ದಿ ಮುಟ್ಟಿಸಿದ ಬಿಲ್ಲೆಯೇ ಗೋರಿಯ ಹೆಸರನ್ನು ಕಸಿದುಕೊಂಡಿತ್ತು.

1916ರ ಸೆಪ್ಟೆಂಬರಿನಲ್ಲಿ ಎರಡು ಬಿಲ್ಲೆಗಳ ಪದ್ಧತಿ ಬಂತು. ಎಂಟು ಮೂಲೆಯ ಹಸಿರು ಬಿಲ್ಲೆ ದೇಹದೊಂದಿಗೇ ಉಳಿಯಬೇಕು. ಕೆಂಪು ಬಿಲ್ಲೆ ಕಚೇರಿಗೆ ಹೋಗಬೇಕು. ಅಷ್ಟರಲ್ಲಿ ಫ್ರಾನ್ಸಿನ ಸೊಮ್ಮ್ ಕಾಳಗ ಆರಂಭವಾಗಿ ಎರಡು ತಿಂಗಳು ಕಳೆದಿತ್ತು. ಅಲ್ಲಿನ ಥಿಯೆಪ್ವಾಲ್ ಸ್ಮಾರಕದಲ್ಲಿ ಗೋರಿ ಎಲ್ಲಿದೆಯೆಂದು ತಿಳಿಯದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅದಕ್ಕೆಲ್ಲ ಬಿಲ್ಲೆಯೊಂದೇ ಕಾರಣವಲ್ಲ, ನಿಜ. ಆದರೂ ಆ ಕೊರತೆಯ ಬೆಲೆ ಸಣ್ಣದಲ್ಲ.

ಹಾಗಾದರೆ ಪೆಟ್ಟಿಗೆಯಲ್ಲಿ ಕೆಂಪು ಬಿಲ್ಲೆ ಸಿಕ್ಕರೆ ಮುತ್ತಜ್ಜ ರಣರಂಗದಲ್ಲೇ ಸತ್ತನೆಂದು ಅರ್ಥವೇ? ಅಲ್ಲ. ಬದುಕಿ ಬಂದವರೂ ಅದನ್ನು ಮನೆಗೆ ತಂದಿದ್ದಾರೆ. ಹುಡುಕುವವರು ಹಿಡಿಯಬೇಕಾದದ್ದು ಸಂಖ್ಯೆಯನ್ನು. ಅದೂ ಒಂದೇ ಸಾಲದು. ಆಗ ಒಂದೇ ಸಂಖ್ಯೆ ಬೇರೆ ಬೇರೆ ರೆಜಿಮೆಂಟುಗಳಲ್ಲಿ ಬೇರೆ ಬೇರೆಯವರಿಗೆ ಇರುತ್ತಿತ್ತು. ರೆಜಿಮೆಂಟು ಬದಲಾದರೆ ಸಂಖ್ಯೆಯೂ ಬದಲಾಗುತ್ತಿತ್ತು. ಸಂಖ್ಯೆ, ಹೆಸರು, ರೆಜಿಮೆಂಟು ಮೂರೂ ಕೂಡಿದರೆ ಮಾತ್ರ ಗುರುತು ಗಟ್ಟಿ.

ಆ ಮೂರನ್ನು ಹಿಡಿದು ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಪದಕದ ಕಾರ್ಡು ಹುಡುಕಬಹುದು. ಮಡಿದವನಾದರೆ 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ನೋಡಬಹುದು. ಸೇವಾ ಕಡತ ಸಿಗದಿದ್ದರೆ ಅಜ್ಜ ಸೈನಿಕನೇ ಅಲ್ಲವೆಂದು ತೀರ್ಮಾನಿಸಬೇಡಿ. 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಅಂಥ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು.

ಇದು ಪರದೇಶದವರ ಮಾತಷ್ಟೇ ಅಲ್ಲ. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದರು. ನಿಮ್ಮ ಮನೆಯಲ್ಲಿ ಆ ಕಾಲದ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿಯೂ ಸಂಖ್ಯೆ, ಹೆಸರು, ದಳ ಕೆತ್ತಿರಬಹುದು. ಹೊಳೆಯಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಕ್ಷರ ಸವೆದರೆ ಅಜ್ಜನ ಗುರುತೂ ಸವೆಯುತ್ತದೆ.